ಮಾವನ ದೋಣಿಗೆ ಅಪ್ಪ ತಂದ ಕ್ಯಾನು

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ಕಾಪುವಿನ ಪೇಟೆಯಿಂದ ಸಮುದ್ರದ ಕಡೆಗೆ ಇಳಿಯುವ ದಾರಿಯಲ್ಲಿ ಅಪ್ಪನದ್ದೊಂದು ತಗಡಿನ ಅಂಗಡಿ ಇತ್ತು. ಅಂಗಡಿ ಎಂದರೆ ನೀವು ಈಗ ನೋಡುವ ಗಾಜಿನ ಬಾಗಿಲಿನ ಅಂಗಡಿಯಲ್ಲ. ಮುಂದಕ್ಕೆ ಚಾಚಿದ ಹಂಚಿನ ಮಾಡು, ಅದರ ಕೆಳಗೆ ಸೆಗಣಿ ಸಾರಿಸಿದ ಜಗಲಿ, ಜಗಲಿಯ ಮೇಲೆ ಇದ್ದಿಲಿನ ಒಲೆ, ಅಷ್ಟೇ. ಆ ಒಲೆಯಲ್ಲಿ ಬೆಸುಗೆ ಹಾಕುವ ಕೋಲಿನ ತಾಮ್ರದ ಮೂತಿ ಕಾಯುತ್ತಾ ಇರುತ್ತಿತ್ತು. ಅಪ್ಪ ಅದನ್ನು ತೆಗೆದು ನವಸಾಗರವೆಂಬ ಉಪ್ಪಿನ ಗಟ್ಟಿಯ ಮೇಲೆ ಉಜ್ಜಿದ ಕೂಡಲೇ ಚುಂಯ್ ಎಂದು ಬಿಳಿ ಹೊಗೆ ಏಳುತ್ತಿತ್ತು. ಆ ಹೊಗೆ ಮೂಗಿಗೆ ಹೋದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ನಾನು ಅಲ್ಲೇ ಕುಳಿತಿರುತ್ತಿದ್ದೆ. ತಗಡಿನ ಎರಡು ಅಂಚುಗಳ ನಡುವೆ ಸೀಸ ಕರಗಿ ಬೆಳ್ಳಿಯ ಎಳೆಯ ಹಾಗೆ ಓಡುವುದನ್ನು ನೋಡುವುದೆಂದರೆ ನನಗೆ ಅಷ್ಟು ಇಷ್ಟ.

ಅಪ್ಪ ಹೆಚ್ಚಾಗಿ ಮಾಡುತ್ತಿದ್ದದ್ದು ದೋಣಿಯವರಿಗೆ ಬೇಕಾದ ಎಣ್ಣೆ ಡಬ್ಬ. ಆಗಷ್ಟೇ ನಮ್ಮ ಕಡೆಯ ದೋಣಿಗಳಿಗೆ ಸಣ್ಣ ಇಂಜಿನ್ ಬಂದಿತ್ತು. ಅದು ಓಡುತ್ತಿದ್ದದ್ದು ಸೀಮೆಎಣ್ಣೆಯಲ್ಲಿ. ನಮ್ಮಲ್ಲಿ ಅದಕ್ಕೆ ಚಿಮಿಣಿ ಎಣ್ಣೆ ಎನ್ನುತ್ತಿದ್ದರು. ದೂರ ಹೋಗುವ ದೋಣಿಯಲ್ಲಿ ಇಂಜಿನಿನ ಟ್ಯಾಂಕ್ ಅಲ್ಲದೆ ಬೇರೆ ಎಣ್ಣೆಯೂ ಇರಬೇಕಲ್ಲ, ಅದಕ್ಕೆ ಈ ಡಬ್ಬ. ಚೌಕಾಕಾರ, ಮೇಲೆ ಒಂದು ಹಿಡಿ, ಮೂಲೆಯಲ್ಲಿ ತಿರುಪಿನ ಮುಚ್ಚಳ. ಮಾಡಿ ಮುಗಿದ ಡಬ್ಬಕ್ಕೆ ಅಪ್ಪ ನೀರು ತುಂಬಿಸಿ ಒಣಗಿದ ಹಳೆಯ ಪೇಪರಿನ ಮೇಲೆ ಮಗುಚಿ ಇಡುತ್ತಿದ್ದರು. ಪೇಪರ್ ಒದ್ದೆಯಾಗಲಿಲ್ಲ ಎಂದ ಮೇಲೆಯೇ ಅಕ್ಕನ ಕೆಲಸ ಶುರು. ಅಕ್ಕ ಅದಕ್ಕೆ ಹಸಿರು ಬಣ್ಣ ಬಳಿದು, ಒಣಗಿದ ಮೇಲೆ ಸಣ್ಣ ಬ್ರಷ್ಷಿನಿಂದ ದೋಣಿಯ ಹೆಸರು ಬರೆಯುತ್ತಿದ್ದಳು. ಹೆಸರಿನ ಪಕ್ಕದಲ್ಲಿ ಅವಳಿಗೆ ತೋಚಿದ ಒಂದು ಮೀನು, ಕೆಲವೊಮ್ಮೆ ಒಂದು ಹೂವು. ಶಾಲೆ ಬಿಟ್ಟಿದ್ದ ಅಕ್ಕನ ಅಕ್ಷರ ಕಾಪುವಿನ ಎಲ್ಲ ದೋಣಿಗಳಲ್ಲೂ ಇತ್ತು.

ಅಪ್ಪ ಮೊದಲಿನಿಂದ ಈ ಕೆಲಸದವರಲ್ಲ. ನಮ್ಮದು ಮೀನು ಹಿಡಿಯುವವರ ಮನೆ. ಅಪ್ಪನೂ ಹರೆಯದಲ್ಲಿ ಸಮುದ್ರಕ್ಕೆ ಹೋದವರೇ. ಒಮ್ಮೆ ದೋಣಿ ಮಗುಚಿ ಅದರ ಅಂಚು ಅಪ್ಪನ ಕಿವಿಗೆ ಬಡಿಯಿತು. ಗಾಯವೇನೋ ಮಾಗಿತು, ಆದರೆ ಆಮೇಲೆ ದೋಣಿ ಹತ್ತಿದರೆ ತಲೆ ತಿರುಗಿ ವಾಂತಿಯಾಗುತ್ತಿತ್ತು. ಹಾಗಾಗಿ ಕಾರ್ಕಳಕ್ಕೆ ಹೋಗಿ ಅಲ್ಲಿ ಒಬ್ಬ ಮುದುಕರ ಹತ್ತಿರ ತಗಡಿನ ಕೆಲಸ ಕಲಿತು ಬಂದರು. ಬೆಳಿಗ್ಗೆ ದೋಣಿಗಳು ಹೊರಡುವಾಗ ಅಪ್ಪ ಜಗಲಿಯ ತುದಿಯಲ್ಲಿ ನಿಂತು ನೋಡುತ್ತಿದ್ದರು. ತಾವು ಹೋಗಲಾಗದಿದ್ದರೂ ತಮ್ಮ ಕೈಯ ಡಬ್ಬಗಳಾದರೂ ಹೋಗುತ್ತಿವೆಯಲ್ಲ ಎಂಬ ಸಮಾಧಾನ ಅವರಿಗೆ ಇತ್ತು ಎಂದು ನಾನು ಅಂದುಕೊಂಡಿದ್ದೇನೆ.

ಆಮೇಲೆ ಪ್ಲಾಸ್ಟಿಕ್ ಕ್ಯಾನ್ ಬಂತು. ಮೊದಲು ತಂದವರು ಮಟ್ಟುವಿನ ಕಡೆಯ ದೋಣಿಯವರು. ಅದನ್ನು ನೋಡಲು ನಾವು ಮಕ್ಕಳೆಲ್ಲ ಓಡಿದ್ದೆವು. ಆಕಾಶದ ಹಾಗೆ ನೀಲಿ, ಒಂದೇ ಒಂದು ಬೆಸುಗೆ ಇಲ್ಲ. ಬೆರಳಿನಲ್ಲಿ ಬಡಿದರೆ ಡಬ್ಬದ ಹಾಗೆ ಢಣ್ ಎನ್ನುತ್ತಿರಲಿಲ್ಲ, ಬೊದ್ ಎಂದು ಸುಮ್ಮನಾಗುತ್ತಿತ್ತು. ನೀರಿಗೆ ಬಿದ್ದರೆ ತೇಲುತ್ತದೆ ಎಂದರು, ಉಪ್ಪು ನೀರು ಅದನ್ನು ಏನೂ ಮಾಡುವುದಿಲ್ಲ ಎಂದರು. ಅದು ನಿಜವೂ ಆಗಿತ್ತು. ತಗಡಿಗೆ ಸಮುದ್ರದ ಗಾಳಿ ಆಗಿಬರುವುದಿಲ್ಲ. ಎಣ್ಣೆ ಅರ್ಧ ಖಾಲಿಯಾದ ಡಬ್ಬದೊಳಗೆ ಉಪ್ಪಿನ ಗಾಳಿ ಸೇರಿ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಅಪ್ಪ ಅದನ್ನು ತಡೆಯಲು ಏನೇನೋ ಮಾಡಿ ನೋಡಿದ್ದರು. ದೋಣಿಯ ಮರಕ್ಕೆ ಬಳಿಯುವ ಗೇರು ಎಣ್ಣೆಯನ್ನು ಡಬ್ಬದ ಒಳಗೂ ಬಳಿದರು. ಕೆಲವೇ ದಿನಗಳಲ್ಲಿ ಅದು ಚಿಮಿಣಿ ಎಣ್ಣೆಯಲ್ಲಿ ಕರಗಿ ಅಂಟಂಟಾಗಿ, ಇಂಜಿನಿಗೆ ಇನ್ನೂ ತೊಂದರೆಯಾಯಿತು.

ದೋಣಿಯವರು ಒಬ್ಬೊಬ್ಬರಾಗಿ ಡಬ್ಬ ಬಿಟ್ಟರು. ಅವರು ಯಾರೂ ಕೆಟ್ಟವರಲ್ಲ. ಅಂಗಡಿಯ ಎದುರು ಹಾದು ಹೋಗುವಾಗ ಕ್ಯಾನನ್ನು ಆಚೆ ಕೈಗೆ ಬದಲಿಸಿಕೊಂಡು ಹೋಗುತ್ತಿದ್ದರು. ಕೊನೆಗೆ ಅಪ್ಪನ ಡಬ್ಬ ಉಳಿದದ್ದು ಮಾವನ ದೋಣಿಯಲ್ಲಿ ಮಾತ್ರ. ಮಾವ ಎಂದರೆ ಅಮ್ಮನ ತಮ್ಮ. ಅಮ್ಮನೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. "ನಮ್ಮ ಬಾವ ಡಬ್ಬ ಮಾಡುವಾಗ ನನಗೆ ಎಂತಕ್ಕೆ ಪ್ಲಾಸ್ಟಿಕ್?" ಎಂದು ಮಾವ ಎಲ್ಲರೆದುರು ಹೇಳುತ್ತಿದ್ದರು.

ನಾನು ಹೇಳಬೇಕೆಂದಿರುವುದು ಒಂದು ಶನಿವಾರದ ಮಾತು. ಮಳೆಗಾಲ ಮುಗಿದು ಸಮುದ್ರ ಸ್ವಲ್ಪ ಇಳಿದಿತ್ತು. ನನಗೆ ಬೆಳಗಿನ ಶಾಲೆ. ಮಧ್ಯಾಹ್ನ ಮನೆಗೆ ಬಂದರೆ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ಗಂಜಿ ಆರಿ ಕೆನೆಗಟ್ಟಿತ್ತು. ನಾನು ಚೀಲ ಬಿಸಾಡಿ ಸಮುದ್ರದ ಕಡೆ ಓಡಿದೆ. ಎಲ್ಲ ದೋಣಿಗಳೂ ಮರಳಿನ ಮೇಲೆ ಬಂದು ನಿಂತಿದ್ದವು. ಬುಟ್ಟಿಗಳಲ್ಲಿ ಬಂಗುಡೆ ಹೊಳೆಯುತ್ತಿತ್ತು. ಆದರೆ ಯಾರೂ ವ್ಯಾಪಾರ ಮಾಡುತ್ತಿರಲಿಲ್ಲ. ಮಾವನ ದೋಣಿ ಬಂದಿರಲಿಲ್ಲ.

ಅಮ್ಮ ನೀರಿನ ಅಂಚಿನಲ್ಲಿ ನಿಂತಿದ್ದರು. ಅಲೆ ಬಂದು ಸೀರೆಯ ಅಂಚನ್ನು ಒದ್ದೆ ಮಾಡಿ ಹೋಗುತ್ತಿದ್ದರೂ ಅವರಿಗೆ ಅದರ ಗೊಡವೆ ಇರಲಿಲ್ಲ. ಅಕ್ಕ ಅಮ್ಮನ ಕೈ ಹಿಡಿದುಕೊಂಡಿದ್ದಳು. ಪಡುವಣ ಕಡೆ ಕಪ್ಪು ಮೋಡ ಕಟ್ಟಿ, ಗಾಳಿಯಲ್ಲಿ ಮಳೆಯ ತಣ್ಣನೆಯ ವಾಸನೆ ಬರುತ್ತಿತ್ತು. ಲೈಟ್‌ಹೌಸಿನ ಬಂಡೆಗೆ ಅಲೆಗಳು ಬಡಿಯುವ ಸದ್ದು ಹೊತ್ತು ಹೋದಂತೆ ಜೋರಾಗುತ್ತಿತ್ತು.

ಅಪ್ಪ ಅಂಗಡಿಯಿಂದ ಬಂದರು. ಯಾರನ್ನೂ ಏನೂ ಕೇಳಲಿಲ್ಲ. ನೇರ ಹೋಗಿ ಒಂದು ದೋಣಿಯ ಅಂಚು ಹಿಡಿದು ಅದರ ಯಜಮಾನರಿಗೆ, "ಹುಡುಕಲಿಕ್ಕೆ ಹೋಗುವ. ನಾನೂ ಬರುತ್ತೇನೆ" ಎಂದರು.

"ನೀವು ಬೇಡ ಮಾರಾಯ್ರೆ, ನಿಮಗೆ ಆಗುವುದಿಲ್ಲ" ಎಂದು ಅವರು ಹೇಳುವಷ್ಟರಲ್ಲಿ ಅಪ್ಪ ಹತ್ತಿ ಕುಳಿತಾಗಿತ್ತು. ಅಪ್ಪ ದೋಣಿಯಲ್ಲಿ ಕುಳಿತದ್ದನ್ನು ನಾನು ಜೀವನದಲ್ಲಿ ನೋಡಿದ್ದು ಅದೊಂದೇ ಸಲ.

ಆ ದೋಣಿಯೂ ಅಲೆಗಳಾಚೆ ಕಣ್ಮರೆಯಾಯಿತು. ಮಳೆ ಬಂತು. ನಾವು ಮಗುಚಿ ಹಾಕಿದ್ದ ಒಂದು ಹಳೆಯ ದೋಣಿಯ ಅಡಿಯಲ್ಲಿ ನುಸುಳಿ ಕುಳಿತೆವು. ಅಮ್ಮ ಮಾತ್ರ ಬರಲಿಲ್ಲ. ಈಗ ತಮ್ಮನೂ ಅಲ್ಲಿ, ಗಂಡನೂ ಅಲ್ಲಿ. ನನಗೆ ಮರದ ಗೇರು ಎಣ್ಣೆಯ ವಾಸನೆ, ಒದ್ದೆ ಬಲೆಯ ವಾಸನೆ, ಅಕ್ಕನ ತಲೆಗೂದಲ ತೆಂಗಿನೆಣ್ಣೆಯ ವಾಸನೆ ಎಲ್ಲ ಇವತ್ತಿಗೂ ನೆನಪಿದೆ. ಅಕ್ಕ ನನ್ನ ಹತ್ತಿರ ಒಂದೇ ಮಾತು ಹೇಳಿದಳು, "ಅಳಬೇಡ, ಅಮ್ಮ ನೋಡುತ್ತಾರೆ."

ಸಂಜೆ ಬೆಳಕು ಆರುವ ಮೊದಲು ದೋಣಿಗಳು ಕಂಡವು. ಮುಂದಿನದು ಹಿಂದಿನದನ್ನು ಹಗ್ಗ ಕಟ್ಟಿ ಎಳೆದು ತರುತ್ತಿತ್ತು. ಎಲ್ಲರೂ ನೀರಿಗೆ ಇಳಿದು ಅವುಗಳನ್ನು ಮರಳಿಗೆ ಎಳೆದರು. ಮಾವ ಮತ್ತು ಅವರ ಜೊತೆಯವರು ಜೀವಂತವಾಗಿದ್ದರು. ನಡುನೀರಿನಲ್ಲಿ ಇಂಜಿನ್ ನಿಂತು, ಹುಟ್ಟು ಹಾಕಿ ಹಾಕಿ ಮಾವನ ಅಂಗೈಯ ಚರ್ಮ ಸುಲಿದು ಹೋಗಿತ್ತು. ಅಪ್ಪನಿಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಇಬ್ಬರು ತೋಳು ಹಿಡಿದು ಇಳಿಸಿದರು. ಮುಖ ಬಿಳುಚಿ ಹೋಗಿತ್ತು, ಅಂಗಿಯೆಲ್ಲ ವಾಂತಿ. ಅಮ್ಮ ಮಾವನ ಕೆನ್ನೆಗೆ ಎರಡು ಬಾರಿಸಿ, ಆಮೇಲೆ ಅವರ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತರು.

ಇಂಜಿನ್ ಗೊತ್ತಿದ್ದ ಒಬ್ಬರು ಅಲ್ಲೇ ಗೋಣಿ ಹಾಸಿ ಅದನ್ನು ಬಿಚ್ಚಿದರು. ಎಣ್ಣೆ ಹೋಗುವ ಸಣ್ಣ ತೂತು ಕಟ್ಟಿಕೊಂಡಿತ್ತು. ಊದಿ, ಕುಟ್ಟಿ ತೆಗೆದಾಗ ಅವರ ಅಂಗೈಗೆ ಕೆಂಪು ಪುಡಿ ಬಿತ್ತು. ಎಲ್ಲರ ಕಣ್ಣೂ ದೋಣಿಯಲ್ಲಿದ್ದ ಹಸಿರು ಡಬ್ಬದ ಕಡೆ ಹೋಯಿತು. ಮಾವನೇ ಕೊನೆಗೆ, "ಇಂಜಿನ್ ಸರಿ ಇಲ್ಲ ಬಾವ, ಮೊದಲಿಂದಲೂ ಹಾಗೇ" ಎಂದರು.

"ನಿನ್ನ ಇಂಜಿನ್ ಹೊಸತು ಮಾರಾಯ" ಎಂದರು ಅಪ್ಪ. ಮರಳಿನ ಮೇಲೆ ಕುಳಿತಲ್ಲಿಂದಲೇ ಹೇಳಿದರು. ಅಷ್ಟು ಹೇಳಿ, ದೋಣಿಯಲ್ಲಿದ್ದ ತಮ್ಮ ಡಬ್ಬವನ್ನು ಕೊಡಲು ನನಗೆ ಸನ್ನೆ ಮಾಡಿದರು.

ಮನೆಗೆ ಬಂದು ಬಟ್ಟೆ ಬದಲಿಸಿದ ಮೇಲೆ ಅಪ್ಪ ದೊಡ್ಡ ಕತ್ತರಿ ತೆಗೆದುಕೊಂಡು ಆ ಡಬ್ಬವನ್ನು ಕತ್ತರಿಸಿದರು. ಹೊರಗೆ ಅಕ್ಕನ ಹಸಿರು ಬಣ್ಣ ಹಾಗೇ ಇತ್ತು. ಒಳಗೆ ಗಾಯ ಒಣಗಿದ ಹಾಗೆ ಕೆಂಪು ಹಕ್ಕಳೆ. ಅಪ್ಪ ಬೆಸುಗೆಯ ಮೇಲೆ ಉದ್ದಕ್ಕೂ ಬೆರಳಾಡಿಸಿ ನೋಡಿದರು. ಎಲ್ಲೂ ಬಿಟ್ಟಿರಲಿಲ್ಲ. "ಸೋರಿಲ್ಲ ನೋಡು" ಎಂದು ಅಕ್ಕನಿಗೆ ತೋರಿಸಿದರು. ತಪ್ಪಿದ್ದರೆ ತಿದ್ದಿಕೊಳ್ಳಬಹುದಿತ್ತು. ಅಪ್ಪನ ಕೆಲಸದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅದು ಗೊತ್ತಾದ ಮೇಲೆ ಅಪ್ಪ ಕತ್ತರಿ ಕೆಳಗಿಟ್ಟರು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಉಡುಪಿಗೆ ಹೋದವರು ಬರುವಾಗ ಕೈಯಲ್ಲಿ ಒಂದು ನೀಲಿ ಕ್ಯಾನ್ ಇತ್ತು. ಪೇಟೆಯಲ್ಲಿ ಎಲ್ಲರೂ ನೋಡುತ್ತಿದ್ದ ಹಾಗೆ, ಸ್ವಂತ ಅಂಗಡಿಯ ಎದುರಿನಿಂದಲೇ ಅದನ್ನು ಹಿಡಿದುಕೊಂಡು ಮಾವನ ಮನೆಗೆ ನಡೆದರು. ನಾನು ಹಿಂದೆಯೇ ಹೋದೆ. ಮಾವ ಅಂಗೈಗೆ ಬಟ್ಟೆ ಸುತ್ತಿಕೊಂಡು ಅಂಗಳದಲ್ಲಿ ಕುಳಿತಿದ್ದರು. ಕ್ಯಾನ್ ನೋಡಿದ್ದೇ ಎದ್ದು ನಿಂತರು.

"ನನಗೆ ಬೇಡ ಬಾವ. ನಿಮ್ಮ ಹತ್ತಿರ ಬೇರೆ ಡಬ್ಬ ಉಂಟಲ್ಲ, ಅದು ಕೊಡಿ."

"ನಿನ್ನ ಅಕ್ಕ ನಿನ್ನೆ ಮಳೆಯಲ್ಲಿ ಹೇಗೆ ನಿಂತಿದ್ದಳು ಅಂತ ಗೊತ್ತುಂಟಾ ನಿನಗೆ?" ಎಂದರು ಅಪ್ಪ. "ತಗೋ."

ಮಾವ ತೆಗೆದುಕೊಂಡರು. ಅವರ ಕಣ್ಣು ತುಂಬಿತ್ತು. ಅಪ್ಪನ ಕಣ್ಣು ಒಣಗಿತ್ತು.

ಕ್ಯಾನಿನ ಮೇಲೆ ದೋಣಿಯ ಹೆಸರು ಬರೆಯಲು ಅಕ್ಕ ಹೋದಳು. ಬಣ್ಣ ಹಿಡಿಯಲಿಲ್ಲ. ಒಣಗಿದ ಮೇಲೆ ಉಗುರು ತಾಗಿದರೂ ಸಿಪ್ಪೆಯ ಹಾಗೆ ಎದ್ದು ಬರುತ್ತಿತ್ತು. ಮತ್ತೆ ಬರೆದಳು, ಮತ್ತೆ ಎದ್ದಿತು. ಮುಂದಿನ ವರ್ಷದಿಂದ ಅಕ್ಕ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಲು ಕುಳಿತಳು. ಬ್ರಷ್ ಹಿಡಿದದ್ದನ್ನು ನಾನು ಮತ್ತೆ ನೋಡಲಿಲ್ಲ. ಅಪ್ಪ ಕೆಲವು ಕಾಲ ಮಾಡಿನ ನೀರು ಹೋಗುವ ತಗಡಿನ ದಂಬೆ ಮಾಡಿದರು. ಆ ಜಾಗಕ್ಕೂ ಪ್ಲಾಸ್ಟಿಕ್ ಪೈಪು ಬಂದಾಗ ಅಂಗಡಿಯ ಬಾಗಿಲು ಹಾಕಿದರು. ಆಮೇಲೆ ಅಪ್ಪ ಬದುಕಿದ್ದಷ್ಟು ದಿನವೂ ಅವರ ಕೈಗೆ ಮಾಡಲು ಏನೂ ಇರಲಿಲ್ಲ. ಮನೆಯಲ್ಲಿ ಯಾವುದಾದರೂ ಪಾತ್ರೆ ಸೋರಬಹುದೇ ಎಂದು ಕಾಯುತ್ತಿದ್ದರು.

ಮಕ್ಕಳೇ, ನೀವು ಉಡುಪಿ ಪೇಟೆಯೊಳಗೆ, ಕಡಿಯಾಳಿಯ ಈ ಮನೆಯಲ್ಲಿ ಹುಟ್ಟಿದವರು. ಚಿಮಿಣಿ ಎಣ್ಣೆಯ ವಾಸನೆ ನಿಮಗೆ ಗೊತ್ತಿಲ್ಲ. ನಿಮ್ಮ ನೀರಿನ ಬಾಟಲಿ, ಊಟದ ಡಬ್ಬಿ, ಸ್ಕೂಟರಿನಲ್ಲಿ ಪೆಟ್ರೋಲ್ ಮುಗಿದಾಗ ನಿಮ್ಮ ಅಪ್ಪ ಹಿಡಿದುಕೊಂಡು ಓಡುವ ಕ್ಯಾನ್, ಎಲ್ಲವೂ ಅಚ್ಚಿನಲ್ಲಿ ಬಂದದ್ದು. ಅವುಗಳನ್ನು ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ. ಒಡೆದರೆ ರಿಪೇರಿ ಮಾಡುವವರೂ ಇಲ್ಲ. ಅದಕ್ಕೆ ನಿಮ್ಮನ್ನು ಬೈದು ಪ್ರಯೋಜನವಿಲ್ಲ. ಆ ಕ್ಯಾನಿನಿಂದಾಗಿಯೇ ನನ್ನ ಮಾವ ಮುದುಕರಾಗುವವರೆಗೆ ಸಮುದ್ರಕ್ಕೆ ಹೋಗಿ ಬಂದರು.

ಮೊನ್ನೆ ಭಾನುವಾರ ನಿಮ್ಮನ್ನು ಕಾಪುವಿನ ಬೀಚಿಗೆ ಕರೆದುಕೊಂಡು ಹೋಗಿದ್ದೆನಲ್ಲ. ಮರಳಿನಲ್ಲಿ ಅರ್ಧ ಹೂತಿದ್ದ ಬಿಳಿಯ ಕ್ಯಾನೊಂದನ್ನು ನೀವೇ ಅಗೆದು ತೆಗೆದಿರಿ. ಅದರ ತಳ ಒಡೆದಿತ್ತು, ಮೈಯೆಲ್ಲ ಚಿಪ್ಪು ಅಂಟಿಕೊಂಡಿತ್ತು. "ಅಜ್ಜ, ಇದನ್ನು ಎಲ್ಲಿ ಬಿಸಾಡುವುದು?" ಎಂದು ಕೇಳಿದಿರಿ. ಇಬ್ಬರೂ ಸೇರಿ ಅದನ್ನು ರಸ್ತೆಯವರೆಗೆ ಹೊತ್ತು ತಂದಿರಿ. ಅಲ್ಲಿ ಕಸದ ತೊಟ್ಟಿ ತುಂಬಿ ಸುತ್ತಲೂ ಚೆಲ್ಲಿತ್ತು. ಅದಕ್ಕೇ ಒರಗಿಸಿ ಇಟ್ಟು ಕಾರು ಹತ್ತಿದೆವು. ಕಾರು ತಿರುಗುವಾಗ ಗಾಳಿಗೆ ಅದು ಉರುಳಿ, ರಸ್ತೆ ದಾಟಿ, ಮತ್ತೆ ಸಮುದ್ರದ ಕಡೆಗೇ ಹೋಗುತ್ತಿತ್ತು. ನೀವಿಬ್ಬರೂ ಹಿಂದಿನ ಗಾಜಿನಿಂದ ಅದನ್ನು ನೋಡಿದಿರಿ. ಆಮೇಲೆ ನನ್ನ ಮುಖ ನೋಡಿದಿರಿ.