ಅಕ್ಕ ಹೇಳದ ಉದಾಹರಣೆ

ಸಂಜೆ ನಾನು ಪತ್ರಿಕೆಯ ಕಚೇರಿಗೆ ಹೊರಡುವ ಹೊತ್ತಿಗೆ ಬಸವನಗುಡಿಯ ನಮ್ಮ ಮನೆಯಲ್ಲಿ ಅಕ್ಕ ಎದುರುಮನೆಯ ಹುಡುಗಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಅವತ್ತು ಪಾಠದಲ್ಲಿ ಎಕ್ಸ್‌ಪ್ಲಾಯ್ಟ್ ಎಂಬ ಪದ ಬಂತು.

"ಹಂಗಂದ್ರೆ ಮೋಸ ಮಾಡೋದಾ ಮಿಸ್?"

"ಮೋಸ ಆದ್ರೆ ಗೊತ್ತಾಗುತ್ತೆ. ಇದು, ಇಲ್ಲ ಅನ್ನೋಕೆ ಬಾಯಿ ಬರದೇ ಇರೋರನ್ನ ನಮ್ಮ ಅನುಕೂಲಕ್ಕೆ ದುಡಿಸ್ಕೊಳ್ಳೋದು. ಗಣಿ ಬಳಸ್ಕೊಳ್ಳೋದಕ್ಕೂ ಇದೇ ಪದ. ಅಲ್ಲಿ ತಪ್ಪು ಇರಲೇಬೇಕು ಅಂತಿಲ್ಲ. ಮನುಷ್ಯರ ವಿಷ್ಯದಲ್ಲಿ ಇರುತ್ತೆ."

"ಒಂದು ಸೆಂಟೆನ್ಸ್ ಹೇಳಿ ಮಿಸ್."

ಅಕ್ಕ ಕಾರ್ಖಾನೆ ಮಾಲೀಕನ ಬಗ್ಗೆ ಒಂದು ವಾಕ್ಯ ಬರೆಸಿದಳು.

ಪತ್ರಿಕೆಯಲ್ಲಿ ನಾವದನ್ನು ಶೋಷಣೆ ಎಂದು ಬರೆಯುತ್ತೇವೆ. ಸಂಬಂಧಪಟ್ಟವರನ್ನೆಲ್ಲ ಕೇಳದೆ ಅಚ್ಚಿಗೆ ಬಿಡುವುದಿಲ್ಲ.

ಅದೇ ವಾರ ಮಲ್ಲೇಶ್ವರದ ಶಾಲೆಯೊಂದು ಅಕ್ಕನನ್ನು ಕೆಲಸಕ್ಕೆ ಕರೆದಿತ್ತು. ಬೆಳಿಗ್ಗೆ ಎಂಟಕ್ಕೆ ಅಲ್ಲಿರಬೇಕು. ಆರು ವರ್ಷದ ಹಿಂದೆ ಲಕ್ವ ಹೊಡೆದು ಅಪ್ಪನ ಬಲಗೈ ಸ್ವಾಧೀನ ತಪ್ಪಿತ್ತು. ಲಿಂಗಪೂಜೆಯಾಗದೆ ಅವರು ತುತ್ತು ಮುಟ್ಟುವವರಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಪತ್ರೆ ಏರಿಸುವುದೆಲ್ಲ ಅಕ್ಕನೇ. ಮುಗಿಯುವಾಗ ಒಂಬತ್ತೂವರೆ. ರಾತ್ರಿ ಪಾಳಿಯವನಾದ ನಾನು ಆಗ ಮಲಗಿರುತ್ತಿದ್ದೆ.

"ನಾಲ್ಕು ದಿನ ನೀನು ಮಾಡ್ಸಿ ನೋಡ್ತೀಯೇನೋ?" ಎಂದು ಕೇಳಿದಳು.

"ಅಪ್ಪಂಗೆ ನಿನ್ನ ಕೈಯೇ ಆಗ್ಬೇಕು ಅಕ್ಕ," ಎಂದೆ.

ಅವಳು ಶಾಲೆಗೆ ಫೋನ್ ಮಾಡಿ, ಬರಲಾಗುವುದಿಲ್ಲ ಎಂದು ಹೇಳಿದಳು.

ಮುಂದಿನ ತಿಂಗಳು ಅವಳಿಗೆ ಡೆಂಗಿ ಬಂತು. ಆಸ್ಪತ್ರೆಯಲ್ಲಿದ್ದ ಐದು ದಿನವೂ ಪೂಜೆ ನಾನೇ ಮಾಡಿಸಿದೆ. ಮೊದಲ ದಿನ ಪತ್ರೆಯನ್ನು ತೊಟ್ಟು ಮುರಿಯದೆ ಇಟ್ಟುಬಿಟ್ಟೆ. "ತೊಟ್ಟು ತೆಗೆದು ಇಡಪ್ಪ," ಎಂದರು ಅಪ್ಪ. ಅಷ್ಟೇ. ಉಪ್ಪಿಟ್ಟು ಪೂರ್ತಿ ತಿಂದರು.

"ನನ್ನ ಕೈ ಆಗುತ್ತಾ ಅಪ್ಪ?"

"ಯಾರ ಕೈಯಾದ್ರೇನು, ಲಿಂಗ ನಂದು ತಾನೆ."

ಆರು ವರ್ಷ ಅವರು ಪಕ್ಕದ ಕೋಣೆಯಲ್ಲೇ ಇದ್ದರು. ನಾನು ಕೇಳಿರಲಿಲ್ಲ.

ಆಸ್ಪತ್ರೆಗೆ ಹೋಗಿ ಅಕ್ಕನಿಗೆ ಇದನ್ನು ಹೇಳಿದೆ. ಅವಳು ಡ್ರಿಪ್ ಹಾಕಿದ್ದ ಕೈಯನ್ನೇ ನೋಡುತ್ತಿದ್ದಳು.

"ಶಾಲೆಯವರನ್ನ ಇನ್ನೊಂದ್ಸಲ ಕೇಳ್ಲಾ?" ಎಂದೆ.

"ಬೇರೆಯವರು ಸೇರ್ಕೊಂಡಾಯ್ತು ಕಣೋ. ಈ ವಯಸ್ಸಿಗೆ ಅವರು ಕರೆದಿದ್ದೇ ಹೆಚ್ಚು." ಆಮೇಲೆ ಕೇಳಿದಳು, "ಬಿಸಿನೀರು ಹದವಾಗಿತ್ತಾ?"

ಈಗ ಬೆಳಿಗ್ಗೆ ಪೂಜೆ ನಾನೇ ಮಾಡಿಸುತ್ತೇನೆ. ಅಕ್ಕ ಎಂಟಕ್ಕೆಲ್ಲ ಸ್ನಾನ ಮುಗಿಸಿ, ತಲೆ ಬಾಚಿಕೊಂಡು, ನಡುಮನೆಯಲ್ಲಿ ಕೂತಿರುತ್ತಾಳೆ. ಆ ಹೊತ್ತಿಗೆ ಅವಳು ಹೋಗಬೇಕಾದ ಜಾಗ ಯಾವುದೂ ಇಲ್ಲ.