ಹತ್ತು ಹುಕ್ಕಿನ ಜಪಾನಿ

ಬಟ್ಟೆ ಅಂಗಡಿಯವನು ಎರಡು ಮೀಟರ್ ಅಂದರೆ ನನ್ನ ಟೇಪಿನಿಂದ ಇನ್ನೊಮ್ಮೆ ಅಳೆಯದೆ ಚೀಲಕ್ಕೆ ಹಾಕಿಕೊಳ್ಳುವ ಹೆಂಗಸಲ್ಲ ನಾನು. ಕೂಡ್ಲಿಗಿಯಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸು ಹೊಲಿಯುತ್ತಿದ್ದೇನೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ನನ್ನ ಗಂಡ ಮಾತ್ರ ಗಡಿಯಾಚೆಯ ತೆಲುಗಿನಲ್ಲಿ ಹೀಯಾಳಿಸುತ್ತಾನೆ: "ಅನುಮಾನಂ ಪೆದ್ದ ರೋಗಂ." ಅನುಮಾನ ದೊಡ್ಡ ರೋಗವಾದರೆ ಆಗಲಿ, ಅದರಿಂದ ನನಗೆ ಇವತ್ತಿನವರೆಗೆ ಒಂದು ಗೇಣು ಬಟ್ಟೆಯೂ ಕಡಿಮೆ ಬಂದಿಲ್ಲ.

ಹೋದ ವರ್ಷ ಒಂಬತ್ತನೇ ಕ್ಲಾಸಿನ ಮಗಳು ರೊಟ್ಟಿ ಬಡಿಯುತ್ತಾ ಬಾಯೊಳಗೇ ಏನೋ ಗುನುಗುವುದು ಕೇಳಿಸಿತು. "ಇಚಿ, ನಿ, ಸಾನ್, ಶಿ, ಗೋ." ನಾನು ಅಡುಗೆಮನೆಗೆ ಹೋದರೆ ಸುಮ್ಮನಾಗುತ್ತಿದ್ದಳು. ಮೆಟ್ಟಿಲು ಹತ್ತುವಾಗಲೂ ಅದೇ, ನೀರಿನ ಕೊಡ ಇಳಿಸುವಾಗಲೂ ಅದೇ. ಹದಿನಾಲ್ಕು ವರ್ಷದ ಹುಡುಗಿ ತಾಯಿಗೆ ತಿಳಿಯದ ಭಾಷೆ ಮಾತಾಡಿದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಗೆಳತಿಯರೆಲ್ಲ ಸೇರಿ ಏನೋ ಗುಟ್ಟಿನ ಮಾತು ಮಾಡಿಕೊಂಡಿದ್ದಾರೆ ಎಂದುಕೊಂಡೆ. ಅವಳು ಸ್ನಾನಕ್ಕೆ ಹೋದಾಗ ಪುಸ್ತಕಗಳ ಹಾಳೆಗಳನ್ನೆಲ್ಲ ತಿರುವಿ ನೋಡಿದೆ. ಏನೂ ಸಿಗಲಿಲ್ಲ. ಸಿಗದಿದ್ದದ್ದೇ ಹೆಚ್ಚು ಅನುಮಾನ ತಂದಿತು.

"ಯಾವ ಭಾಷಿಲೇ ಅದು?" ಎಂದು ಕೊನೆಗೆ ಕೇಳಿಯೇ ಬಿಟ್ಟೆ.

"ಜಪಾನಿ. ಕರಾಟೆ ಕ್ಲಾಸಿನ್ಯಾಗ ಹಿಂಗ ಎಣಸ್ತಾರವ್ವಾ."

"ಯಾಕ, ಒಂದು ಎರಡು ಅಂದ್ರ ಕೈ ಏಳಂಗಿಲ್ಲೇನು?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಮಗಳು ದಿನಾ ಬೆಳಿಗ್ಗೆ ಹೋಗುತ್ತಿದ್ದ ಕರಾಟೆ ಕ್ಲಾಸಿನ ಮಾಸ್ತರು ಹೈವೇ ಬದಿಯ ಗ್ಯಾರೇಜಿನ ಮೆಕ್ಯಾನಿಕ್. ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ಬಿಳಿ ಡ್ರೆಸ್ಸು, ಹತ್ತು ಗಂಟೆಗೆ ಲಾರಿಯ ಅಡಿಯಲ್ಲಿ. ಉಗುರಿನ ಆಯಿಲ್ ಕಪ್ಪು ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಈ ಮನುಷ್ಯ ಜಪಾನಿ ಎಲ್ಲಿ ಕಲಿತ? ಬಾಯಿಗೆ ಬಂದದ್ದನ್ನು ಹೇಳಿ ಮಕ್ಕಳಿಂದ ಕೂಗಿಸುತ್ತಿದ್ದರೆ ಕೂಡ್ಲಿಗಿಯಲ್ಲಿ ಹಿಡಿಯುವವರು ಯಾರು? ಅಷ್ಟರಲ್ಲಿ ಮಗಳು ಒಂದು ಫಾರಂ ತಂದಳು. ಆ ಭಾನುವಾರ ಬಿಟ್ಟು ಮುಂದಿನ ಭಾನುವಾರ ಹರಪನಹಳ್ಳಿಯಲ್ಲಿ ಹಳದಿ ಬೆಲ್ಟಿನ ಪರೀಕ್ಷೆ, ತಂದೆ ಅಥವಾ ತಾಯಿಯ ಸಹಿ ಬೇಕು. ಆರು ತಿಂಗಳಿಂದ ಅವಳು ಕಾದದ್ದು ಅದಕ್ಕೇ. ನೋಡೋಣ ಎಂದು ಫಾರಮನ್ನು ಮಷಿನ್ನಿನ ಡ್ರಾಯರಿನೊಳಗೆ ಇಟ್ಟುಕೊಂಡೆ.

ಕಳ್ಳನನ್ನು ಹಿಡಿಯಬೇಕಾದರೆ ಅವನ ದಾರಿ ಗೊತ್ತಿರಬೇಕು. ಮಗಳು ಶಾಲೆಗೆ ಹೋದ ಮೇಲೆ, ಅವಳ ಬಾಯಲ್ಲಿ ಕೇಳಿದ್ದನ್ನೇ ನಾನೂ ಎಣಿಸಲು ಕೂತೆ. ಒಂದು ಬ್ಲೌಸಿಗೆ ಐದು ಹುಕ್ಕು. ಮೊದಲನೇ ಬ್ಲೌಸಿಗೆ ಇಚಿ, ನಿ, ಸಾನ್, ಶಿ, ಗೋ. ಎರಡನೆಯದಕ್ಕೆ ರೋಕು, ಶಿಚಿ, ಹಾಚಿ, ಕ್ಯೂ, ಜೂ. ಎರಡು ಬ್ಲೌಸು ಮುಗಿದರೆ ಹತ್ತು. ಮೂರೇ ದಿನದಲ್ಲಿ ಬಾಯಿಪಾಠವಾಯಿತು. ಆಮೇಲೆ ಫೋನಿನಲ್ಲಿ ಹುಡುಕಿದೆ. ಅದರೊಳಗಿನ ಹೆಂಗಸು ನಾಲ್ಕಕ್ಕೆ "ಯೋನ್" ಅಂದಳು. ಶಿ ಅಲ್ಲ, ಯೋನ್! ಎದೆ ಹಗುರವಾಯಿತು. ಬೇಕಾಗಿದ್ದ ತಪ್ಪು ಸಿಕ್ಕ ಮೇಲೆ ಕೆಳಗೆ ಏನು ಬರೆದಿದೆ ಎಂದು ನಾನು ಓದಲೇ ಇಲ್ಲ.

ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋದೆ. ಮೂವತ್ತು ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿದ್ದರು. ಮಾಸ್ತರು "ಶಿ" ಎಂದ ತಕ್ಷಣ ಕೈಯೆತ್ತಿ ನಿಲ್ಲಿಸಿದೆ.

"ಮಾಸ್ತರ್ರೇ, ನಾಕಕ್ಕ ಶಿ ಅನ್ನಂಗಿಲ್ಲ, ಯೋನ್ ಅಂತಾರ. ಕೇಳ್ರಿ ಇಲ್ಲಿ." ಫೋನಿನ ದನಿ ಜೋರು ಮಾಡಿದೆ. ಮಕ್ಕಳು ಕಿಸಕ್ಕೆಂದು ನಕ್ಕವು.

ಅವರು ಸಿಟ್ಟಾಗುತ್ತಾರೆ, ಇಲ್ಲವೇ ಏನಾದರೂ ಸಬೂಬು ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಎರಡು ಕೈಯನ್ನೂ ಬೆಲ್ಟಿನ ಮೇಲಿಟ್ಟುಕೊಂಡು, "ನಂಗ ಜಪಾನಿ ಬರಂಗಿಲ್ಲಕ್ಕಾ. ನಮ್ಮ ಉಸ್ತಾದರು ಹಿಂಗ ಕಲಿಸ್ಯಾರ, ನಾ ಹಿಂಗ ಹೇಳಿಕೊಡ್ತೀನಿ. ಹತ್ತರ ಮ್ಯಾಲ ನಂಗೂ ಗೊತ್ತಿಲ್ಲ, ಮತ್ತ ಇಚಿಯಿಂದನ ಶುರು ಮಾಡ್ತೀನಿ," ಅಂದರು.

ಸಾಲಿನಲ್ಲಿ ನನ್ನ ಮಗಳು ತಲೆ ತಗ್ಗಿಸಿ ತನ್ನ ಪಾದ ನೋಡುತ್ತಿದ್ದಳು. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮರುದಿನದಿಂದ ಅವಳು ಕ್ಲಾಸಿಗೆ ಹೋಗಲಿಲ್ಲ. ರೊಟ್ಟಿ ಬಡಿಯುವಾಗಲೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ಆ ಗುನುಗು ನಿಂತದ್ದು ನನಗೆ ಹಿಂಸೆಯಾಯಿತು.

ಶುಕ್ರವಾರ ತಂಬ್ರಹಳ್ಳಿಯ ತವರಿನಿಂದ ಜೋಳದ ಚೀಲ ಬಂತು. ನಾನು ಸೇರಿನಿಂದ ಅಳೆದು ಡಬ್ಬಿಗೆ ಸುರಿಯುತ್ತಿದ್ದೆ, ಅವಳು ಡಬ್ಬಿ ಹಿಡಿದುಕೊಂಡಿದ್ದಳು. "ಲಾಭ, ಎರಡು, ಮೂರು..." ಕಾಳು ಅಳೆಯುವಾಗ ಮೊದಲ ಸೇರಿಗೆ ನಮ್ಮ ಮನೆಯಲ್ಲಿ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ.

ಐದು ದಿನದ ಮೇಲೆ ಅವಳು ತಾನಾಗಿ ಬಾಯಿ ಬಿಟ್ಟಳು. "ಒಂದಕ್ಕ ಲಾಭ ಅಂತ ಯಾರು ಹೇಳಿಕೊಟ್ಟಾರ ನಿನಗ?"

"ನಮ್ಮವ್ವ."

"ಆಕಿಗೆ?"

"ಆಕಿ ಅವ್ವ ಇರಬೇಕು."

"ಫೋನಿನ್ಯಾಗ ನೋಡೀಯೇನು, ಖರೇ ಐತೋ ಇಲ್ಲೋ ಅಂತ?"

ಕೈಯಲ್ಲಿದ್ದ ಸೇರು ಅಲ್ಲೇ ನಿಂತಿತು. ಎಷ್ಟು ಸೇರಾಗಿತ್ತು ಎಂಬುದೂ ಮರೆತುಹೋಯಿತು. ಅವಳು ಡಬ್ಬಿ ಇಟ್ಟು ಹೊರಗೆ ಹೋದ ಮೇಲೆ ಫೋನು ತೆಗೆದು ಅವತ್ತು ಬಿಟ್ಟಿದ್ದ ಕೆಳಗಿನ ಸಾಲು ಓದಿದೆ. ನಾಲ್ಕಕ್ಕೆ ಶಿ ಎಂದೂ ಅನ್ನುತ್ತಾರಂತೆ, ಯೋನ್ ಎಂದೂ ಅನ್ನುತ್ತಾರಂತೆ. ನನಗೆ ನಾಚಿಕೆಯಾಯಿತು. ಮೂವತ್ತು ಮಕ್ಕಳ ಎದುರಿಗೆ ಗೊತ್ತಿಲ್ಲ ಎಂದು ಹೇಳಿದ್ದವರು ಮಾಸ್ತರೊಬ್ಬರೇ; ಗೊತ್ತಿದೆ ಎಂದು ಹೋದವಳು ನಾನು.

ಶನಿವಾರ ಗ್ಯಾರೇಜಿಗೆ ಹೋದೆ. ಮಾಸ್ತರು ಲಾರಿಯ ಅಡಿಯಿಂದ ಹೊರಗೆ ಬಂದು ಕೈ ಒರೆಸಿಕೊಂಡರು.

"ಎರಡೂ ಸರಿಯಂತ್ರಿ ಮಾಸ್ತರ್ರೇ. ನಂದ ತಪ್ಪಾತು."

"ಹೌದೇನು?" ಎಂದು ಅವರು ನಿಜಕ್ಕೂ ಖುಷಿಪಟ್ಟರು. "ನಾ ಅವತ್ತಿಂದ ಯೋನ್ ಅಂತನ ಹೇಳಿಸಾಕತ್ತೀನಕ್ಕಾ. ಹುಡುಗೀನ ನಾಳೆ ಪರೀಕ್ಷಾಕ್ಕ ಕಳಸ್ರಿ. ಕಾಲು ಚಲೋ ಎತ್ತತಾಳ."

ಹೊಗಳಿಕೆ ಕೇಳಿದಾಗಲೂ ನನಗೆ, ಇದು ಎಲ್ಲರಿಗೂ ಹೇಳುವ ಮಾತೋ ಏನೋ ಅನ್ನಿಸಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಮನೆಗೆ ಬಂದು ಫಾರಮಿಗೆ ಸಹಿ ಹಾಕಿ ಮಗಳ ಮುಂದೆ ಇಟ್ಟೆ. ಅವಳು ಮುಟ್ಟಲಿಲ್ಲ. "ಪ್ರಾಕ್ಟೀಸ್ ಬಿಟ್ಟು ಐದಾರು ದಿನ ಆತು. ಯಾರು ಎಣಸ್ತಾರ ನಂಗ?" ಅಂದಳು.

"ನಾ ಎಣಸ್ತೀನಿ, ನಿಂದ್ರು."

ನಂಬದ ಮುಖದಲ್ಲೇ ಅಂಗಳಕ್ಕೆ ಬಂದು, ಕಾಲು ಅಗಲಿಸಿ, ಮುಷ್ಟಿ ಸೊಂಟಕ್ಕಿಟ್ಟು ನಿಂತಳು. ಪರೀಕ್ಷೆ ನನ್ನದೇ ಅನ್ನಿಸಿತು. ಬಾಯಿ ತೆರೆದರೆ ಬಂದದ್ದು, "ಲಾಭ!"

ಅವಳ ಬಲಗೈ ಗಾಳಿಗೆ ಗುದ್ದಿತು. ನಗಲಿಲ್ಲ, ನಿಲ್ಲಲೂ ಇಲ್ಲ. ನಾನೂ ನಿಲ್ಲಲಿಲ್ಲ. "ನಿ! ಸಾನ್! ಶಿ! ಗೋ!" ಜೂ ತನಕ ಹೋಗಿ, ಮಾಸ್ತರರ ಹಾಗೆ ಮತ್ತೆ ಮೊದಲಿಂದ ಶುರು ಮಾಡಿದೆ. ಎದುರುಮನೆಯವರು ಹೊರಗೆ ಬಂದು ನೋಡಿದರು. ಮಗಳ ಬೆವರು ಇಳಿಯುವವರೆಗೂ ಎಣಿಸಿದೆ.

ಆಮೇಲೆ ಅವಳು ಮುಖ ಒರೆಸಿಕೊಂಡು, "ನೀ ಯಾವಾಗ ಕಲ್ತಿ ಇದನ್ನ? ಯಾಕ ಕಲ್ತಿ?" ಎಂದು ಕಣ್ಣು ಕಿರಿದು ಮಾಡಿ ಕೇಳಿದಳು. ಹುಕ್ಕು ಹಚ್ಚುತ್ತಾ ಕಲಿತೆ ಎಂದೆ. ಯಾಕೆ ಎಂಬುದನ್ನು ಹೇಳಲಿಲ್ಲ. ಅವಳು ಫಾರಂ ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದು, ನನ್ನ ಸಹಿಯ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿದಳು.

"ಅಪ್ಪಾಜಿದೂ ಒಂದು ಸಹಿ ಇರಲಿ," ಅಂದಳು.