ಹಿಮನದಿಯ ಊರಿನಲ್ಲಿ ಒಂಬತ್ತು ಗಂಟೆ

ಪ್ರವಾಸಕ್ಕಿಂತ ಅದರ ಪಟ್ಟಿ ಮಾಡುವುದೇ ನನಗೆ ಹೆಚ್ಚು ಖುಷಿ. ಆ ವರ್ಷ ಏಪ್ರಿಲ್ ತಿಂಗಳಿಡೀ ಕ್ರೋಯ್ಡನ್ನಿನ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ನಾರ್ವೆಯ ನಕ್ಷೆ ಹರಡಿಕೊಂಡಿತ್ತು. ತಟ್ಟೆ ಇಡಲು ಜಾಗವಿಲ್ಲವೆಂದು ಗಂಡ ಗೊಣಗಿದರೂ ನಾನು ಜಗ್ಗಲಿಲ್ಲ. ಜುಲೈನಲ್ಲಿ ಹಡಗಿನಲ್ಲಿ ಹೊರಡುವವರು ನಾವು ನಾಲ್ವರು: ನಾನು, ಗಂಡ, ಹತ್ತು ವರ್ಷದ ಮಗಳು, ಅವ್ವ. ನಿಜ ಹೇಳಬೇಕೆಂದರೆ ಹೊರಟದ್ದೇ ಅವ್ವನಿಗಾಗಿ. ಅಪ್ಪ ತೀರಿಕೊಂಡ ಮೇಲೆ ಧಾರವಾಡ ಬಿಟ್ಟು ನಮ್ಮಲ್ಲಿಗೆ ಬಂದವಳು ಒಮ್ಮೆ ಟಿವಿಯಲ್ಲಿ ಹಿಮನದಿ ಕಂಡು, "ಇಷ್ಟು ನೀರು ಹಿಂಗ ನಿಂತೇ ಬಿಡ್ತದೇನು? ಒಮ್ಮೆ ಮುಟ್ಟಿ ನೋಡಬೇಕವ್ವಾ" ಎಂದಿದ್ದಳು. ಸೀರೆ ಕೊಡಿಸುತ್ತೇನೆಂದರೂ ಬೇಡವೆನ್ನುವ ಹೆಂಗಸು ಅವಳು. ನನಗೆ ಅಷ್ಟು ಸಾಕಾಯಿತು.

ಹಿಮನದಿಯ ಬುಡದ ಆ ಪುಟ್ಟ ಊರಿನಲ್ಲಿ ಹಡಗು ನಿಲ್ಲುವುದು ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ. ತಡವಾದರೆ ಅದು ಯಾರಿಗೂ ಕಾಯುವುದಿಲ್ಲ. ಒಂಬತ್ತಕ್ಕೆ ಬಸ್ಸು, ಹತ್ತೂವರೆಗೆ ಮಂಜಿನ ಗೋಡೆಯ ಮುಂದೆ ಅವ್ವ, ಹನ್ನೆರಡಕ್ಕೆ ಕಟ್ಟಿಕೊಂಡು ಹೋದ ಚಪಾತಿ, ಶೇಂಗಾ ಹಿಂಡಿ. ಅವ್ವನ ಮೊಣಕಾಲಿಗಾಗಿ ನಡುನಡುವೆ ಕೂರುವ ಜಾಗಗಳನ್ನೂ ಗುರುತು ಹಾಕಿದ್ದೆ. ಒಂದು ಭಾನುವಾರ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದೆ, ಶಾಭಾಸ್ ಅನ್ನಲಿ ಎಂದು.

ಅವ್ವ ಎದ್ದು ಹೋಗಿ ಪಂಚಾಂಗ ತಂದಳು. ಕನ್ನಡಕ ಏರಿಸಿ ಎರಡು ಸಲ ನೋಡಿದಳು.

"ಅವತ್ತ ನಿಮ್ಮಪ್ಪನ ತಿಥಿ ಅದ. ನೀವು ಮೂವರೂ ಹೋಗಿ ಬರ್ರಿ. ನಾ ಹಡಗಿನಾಗ ಇರ್ತೀನಿ."

ಅಪ್ಪ ಹೋದದ್ದು ಜೂನ್ ತಿಂಗಳಲ್ಲಿ. ಅದು ನೆನಪಿದ್ದೇ ಜುಲೈ ಹಿಡಿದಿದ್ದೆ. ಆ ವರ್ಷ ಅಧಿಕ ಮಾಸ ಬಂದು ತಿಥಿ ಮುಂದಕ್ಕೆ ಹೋಗುತ್ತದೆಂಬುದು ನನ್ನ ಜಾಣ ತಲೆಗೆ ಹೊಳೆದಿರಲಿಲ್ಲ.

ಶ್ರಾದ್ಧವನ್ನು ಧಾರವಾಡದಲ್ಲಿ ತಮ್ಮ ಮಾಡುತ್ತಾನೆ. ಬ್ರಾಹ್ಮಣರ ಊಟ ಮುಗಿಯಿತೆಂದು ಅವನು ಫೋನ್ ಮಾಡುವವರೆಗೆ ಇಲ್ಲಿ ಅವ್ವ ಹನಿ ನೀರನ್ನೂ ಮುಟ್ಟುವುದಿಲ್ಲ, ಫೋನಿನ ಪಕ್ಕ ಬಿಟ್ಟು ಕದಲುವುದಿಲ್ಲ. ಪ್ರತಿವರ್ಷ ಹೀಗೇ. ನಾರ್ವೆಯ ಗಡಿಯಾರದಲ್ಲಿ ಆ ಫೋನ್ ಬರುವ ಹೊತ್ತು ಸರಿಯಾಗಿ ಹತ್ತೂವರೆ.

ನನಗೆ ಸಿಟ್ಟು ನೆತ್ತಿಗೇರಿತು. "ಅವ ಅಲ್ಲೆ ಎಲ್ಲಾ ಮಾಡ್ತಾನಲ್ಲ. ನೀ ಇಲ್ಲೆ ಉಪಾಸ ಕೂತರ ಅಪ್ಪಗ ಏನು ಸಿಗ್ತದ? ಇಷ್ಟು ವರ್ಷ ಕೂತೀದಿ, ಒಂದ ವರ್ಷ ಬಿಡು!"

ಅವ್ವ ಪಂಚಾಂಗ ಮಡಚಿದಳು. "ಅವರಿಗೆ ಏನೂ ಬ್ಯಾಡ. ನನ್ನ ಸಲುವಾಗಿ ಕೂಡ್ತೀನಿ."

ಅಪ್ಪ ಹೋದಾಗ ಅವ್ವ ನನ್ನ ಬಾಣಂತನಕ್ಕೆಂದು ಇಲ್ಲೇ ಇದ್ದಳು. ಮಗಳು ಹುಟ್ಟಿ ಹನ್ನೊಂದು ದಿನವಾಗಿತ್ತು. ಬಾಣಂತಿಗೆ ಹೇಳಬಾರದೆಂದು ಸುದ್ದಿ ಮುಚ್ಚಿಟ್ಟು, ಮೂರನೆಯ ದಿನ ವಿಮಾನಕ್ಕೆ ಹೊರಡುವಾಗಷ್ಟೇ ತಿಳಿಸಿದ್ದಳು. ಅಷ್ಟು ನನಗೆ ಗೊತ್ತಿತ್ತು. ಉಳಿದದ್ದನ್ನು ಅವಳು ಹೇಳಿದ್ದು ಆ ಭಾನುವಾರ.

"ಫೋನ್ ಬಂದಾಗ ನನ್ನ ಮುಂದ ಉಪ್ಪಿಟ್ಟಿನ ತಾಟಿತ್ತು. ಫೋನ್ ಇಟ್ಟು ನಿಂತಿದ್ದೆ. ಒಳಗಿಂದ ನೀ ಕೂಗಿ ಕೇಳಿದಿ, ನಾಷ್ಟಾ ಆತೇನವ್ವಾ ಅಂತ. ಆಗ್ಲಿಕ್ಕತ್ತದ ಅಂದೆ. ನೀ ಎದ್ದು ಬಂದು ನೋಡಿದರ ತಾಟು ಹಂಗ ಇರಬಾರದು ಅಂತ ಎಲ್ಲಾ ತಿಂದೆ. ಅವರು ಹೋಗಿ ಒಂದ ತಾಸೂ ಆಗಿರಲಿಲ್ಲ."

ಅಳಲೂ ಆಗಲಿಲ್ಲ ನನಗೆ. ಅವ್ವನ ಮುಖ ನೋಡುವುದೇ ಕಷ್ಟವಾಯಿತು. ಇಷ್ಟು ವರ್ಷ ನಾನು ಅದನ್ನು ಬರೀ ಮಡಿಯೆಂದುಕೊಂಡಿದ್ದೆ, ಒಮ್ಮೊಮ್ಮೆ ಗೇಲಿಯನ್ನೂ ಮಾಡಿದ್ದೆ.

ರಬ್ಬರ್ ತಂದು ಪಟ್ಟಿಯ ಬೆಳಗನ್ನು ಅಳಿಸಿದೆ. ಹನ್ನೆರಡಕ್ಕೂ ಒಂದು ಬಸ್ಸಿತ್ತು. ಅದನ್ನು ಹಿಡಿದರೆ ಅವ್ವ ಊಟ ಮಾಡಿ, ಹಿಮ ಮುಟ್ಟಿ, ನಾಲ್ಕಕ್ಕೆ ಹಡಗಿಗೆ ಮರಳಬಹುದು. ಗಂಡ, ಮಗಳು ಬೇಕಿದ್ದರೆ ಒಂಬತ್ತಕ್ಕೇ ಹೊರಡಲಿ. ಅವ್ವ ಪಕ್ಕದಲ್ಲಿ ನಿಂತು ನಾನು ಬರೆಯುವುದನ್ನು ನೋಡಿದಳು.

"ನೀ ಯಾಕವ್ವಾ? ನೀ ತಿಂದು ಹೋಗು ಅವರ ಜೋಡಿ."

ನಾನು ಬರೆದು ಮುಗಿಸಿದೆ: ಹತ್ತೂವರೆಯವರೆಗೆ ಅವ್ವನ ಪಕ್ಕ, ಇಬ್ಬರೂ ಉಪವಾಸ.